ಇಪ್ಪತ್ತೊಂದು ಗೀರಿನ ಮುದ್ದೆ ಕೋಲು

ನಮ್ಮ ಮನೆಯ ಮುದ್ದೆ ಕೋಲಿಗೆ ಇಪ್ಪತ್ತೊಂದು ಗೀರುಗಳಿವೆ. ಅಡ್ಡಡ್ಡ ಗೀರುಗಳು, ಹಿಡಿಯುವ ತುದಿಯಲ್ಲಿ ದೂರ ದೂರ, ಬುಡಕ್ಕೆ ಹೋದಂತೆ ಹತ್ತಿರ ಹತ್ತಿರ. ಪ್ರತಿ ಸಲ ಮುದ್ದೆ ತಿರುವಿದಾಗಲೂ ಅವುಗಳಲ್ಲಿ ರಾಗಿ ಹಿಟ್ಟು ಸಿಕ್ಕಿಕೊಳ್ಳುತ್ತದೆ. ಅದನ್ನು ಪೊರಕೆ ಕಡ್ಡಿಯಿಂದ ಕೆದಕಿ ತೆಗೆಯುವ ಕೆಲಸ ನನ್ನದು. ಮದುವೆಯಾದ ಮೊದಲ ವಾರದಲ್ಲೇ ನನ್ನ ಹೆಂಡತಿ ಈ ಬಗ್ಗೆ ಸ್ಪಷ್ಟವಾದ ತೀರ್ಮಾನಕ್ಕೆ ಬಂದಿದ್ದಳು. ನಾನೂ ವಿರೋಧಿಸಲು ಹೋಗಲಿಲ್ಲ.

ಹೋದ ವಾರ ಅವಳು ಸಂತೆಯಿಂದ ಹೊಸ ಕೋಲು ತಂದಳು. ನುಣುಪಾಗಿದೆ, ಒಂದೂ ಗೀರಿಲ್ಲ. "ಹಳೇದನ್ನ ಏನ್ ಮಾಡಾನ್ರೀ?" ಎಂದು ಕೇಳಿದಳು. ಕೇಳಿದ್ದು ಮರ್ಯಾದೆಗೆ. ಉತ್ತರಕ್ಕೆ ಕಾಯದೆ ಅದನ್ನು ನೀರೊಲೆಯ ಪಕ್ಕ ಸೌದೆಯ ಜೊತೆ ಒರಗಿಸಿಟ್ಟಳು. ಇವತ್ತು ಒಲೆ ಹಚ್ಚಲು ಹೋದವನು ಅದನ್ನು ಎತ್ತಿಕೊಂಡು ಬಂದು ನಡುಮನೆಯಲ್ಲಿ ಕೂತೆ. ಕೂತವನು ನಿಮಗೆ ಇದನ್ನು ಬರೆಯುತ್ತಿದ್ದೇನೆ. ನೀರು ಇನ್ನೂ ಕಾದಿಲ್ಲ ಎಂಬ ಮಾತು ಒಳಗಿನಿಂದ ಎರಡು ಸಲ ಬಂದಿದೆ.

ವಿಷಯ ಇಷ್ಟೇ: ಇದು ಕೋಲಲ್ಲ, ಗಿಟಾರಿನ ಕತ್ತು. ಎಲೆಕ್ಟ್ರಿಕ್ ಗಿಟಾರಿಗೆ ಮೈ ಇರುತ್ತದೆ, ತಲೆ ಇರುತ್ತದೆ, ಎರಡರ ನಡುವೆ ಎಡಗೈ ಓಡಾಡುವ ಉದ್ದನೆಯ ಮರ ಇರುತ್ತದೆ. ಆ ಮರಕ್ಕೆ, ಮದುವೆ ಗಣಪತಿ ಹಬ್ಬಗಳಿಗೆ ಬಾರಿಸುತ್ತಿದ್ದ ನಮ್ಮ ಆರ್ಕೆಸ್ಟ್ರಾದಲ್ಲಿ ಕತ್ತು ಅನ್ನುತ್ತಿದ್ದೆವು. ಕತ್ತಿನ ಮುಂಬದಿಯಲ್ಲಿ ವೀಣೆಗಿರುವ ಹಾಗೆ ಲೋಹದ ಮೆಟ್ಟುಗಳನ್ನು ಅಡ್ಡಲಾಗಿ ಕೂರಿಸಿರುತ್ತಾರೆ. ಅವನ್ನು ಕಿತ್ತರೆ ಉಳಿಯುವುದು ಗೀರು.

ನಮ್ಮ ಮನೆಯಲ್ಲಿ ಯಾವ ವಸ್ತುವೂ ತನ್ನ ಮೊದಲ ಕೆಲಸದಿಂದಲೇ ನಿವೃತ್ತಿಯಾದದ್ದಿಲ್ಲ. ಒಡೆದ ರುಬ್ಬುಗುಂಡು ಹಿತ್ತಿಲ ಬಾಗಿಲಿಗೆ ಒತ್ತಾಗಿತ್ತು. ಅಪ್ಪನ ಹಳೆಯ ಪಂಚೆ ಮೊದಲು ನನ್ನ ಜೋಳಿಗೆಯಾಗಿ, ಆಮೇಲೆ ಸಂಡಿಗೆ ಒಣಗಿಸುವ ಬಟ್ಟೆಯಾಗಿ, ಕೊನೆಗೆ ದೀಪದ ಬತ್ತಿಯಾಗಿ ಮುಗಿಯಿತು. ನಾನು ಒಡೆದ ಸ್ಲೇಟಿನ ಚೌಕಟ್ಟು ತಾತನ ಫೋಟೋಗೆ ಕಟ್ಟಾಯಿತು. ತಾತ ಬದುಕಿದ್ದಾಗ ಸ್ಲೇಟಿನ ಹತ್ತಿರ ಹೋದವರಲ್ಲ. ಅವ್ವ ಇದ್ದ ಮನೆಯಲ್ಲಿ ಗಿಟಾರಿನ ಕತ್ತು ಮುದ್ದೆ ಕೋಲಾದದ್ದು ಅಂಥ ವಿಶೇಷವೇನಲ್ಲ. ವಿಶೇಷ ಇರುವುದು ಅದು ಯಾರ ಕತ್ತು ಅನ್ನುವುದರಲ್ಲಿ.

ಅದು ತಿಪ್ಪೇಸ್ವಾಮಿ ಮೇಷ್ಟ್ರದು. ಶಾಲೆಯ ಮೇಷ್ಟ್ರಲ್ಲ, ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಿಂಡುವ ಯಂತ್ರ ನೋಡಿಕೊಳ್ಳುತ್ತಿದ್ದವರು. ಗಿಟಾರ್ ಕಲಿಸುತ್ತಿದ್ದರಿಂದ ಮೇಷ್ಟ್ರು. ಶಿಷ್ಯ ನಾನೊಬ್ಬನೇ. ಚಳ್ಳಕೆರೆಯನ್ನು ಆ ಕಾಲದಲ್ಲಿ ಕಣ್ಣು ಮುಚ್ಚಿಕೊಂಡು ದಾಟಿದರೂ ಗೊತ್ತಾಗುತ್ತಿತ್ತು. ಬಸ್ಸಿನ ಕಿಟಕಿಯಿಂದ ಹಿಂಡಿಯ ವಾಸನೆ ಹತ್ತಿ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಮಿಲ್ಲಿನವರ ಮೈಗೆ ಹತ್ತಿದ ಆ ವಾಸನೆ ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲ. ನನ್ನ ಪಾಠಗಳೆಲ್ಲ ನಡೆದದ್ದು ಮಿಲ್ಲಿನ ಹಿಂದೆ, ಹಿಂಡಿ ಚೀಲಗಳ ಮೇಲೆ ಕೂತು. ಅದಕ್ಕೂ ಮೊದಲು ಮನೆಯಲ್ಲಿ ಬುಲ್‌ಬುಲ್ ತರಂಗ್ ಬಾರಿಸುತ್ತಿದ್ದೆ. ಪಕ್ಕದ ಮನೆಯ ಎಮ್ಮೆ ಹಾಲು ಕಡಿಮೆ ಮಾಡಿತು ಎಂಬ ದೂರು ಬಂದ ಮೇಲೆ ಅವ್ವನೇ ನನ್ನನ್ನು ಮೇಷ್ಟ್ರ ಬಳಿ ಕಳಿಸಿದ್ದು.

ಮೇಷ್ಟ್ರು ಆ ಗಿಟಾರನ್ನು ವಯಸ್ಸಿನಲ್ಲಿದ್ದಾಗ ಗುಂತಕಲ್ಲಿನ ರೈಲ್ವೆ ಕಾಲೊನಿಯಲ್ಲಿ, ಊರು ಬಿಟ್ಟು ಹೊರಟಿದ್ದ ಒಬ್ಬ ಗಾರ್ಡಿನಿಂದ ಕೊಂಡಿದ್ದರಂತೆ. ಜಪಾನಿನದು ಅನ್ನುತ್ತಿದ್ದರು. ತಲೆಯ ಮೇಲಿನ ಹೆಸರು ಅಳಿಸಿಹೋಗಿದ್ದರಿಂದ ಯಾರೂ ವಾದ ಮಾಡುವಂತಿರಲಿಲ್ಲ. ಮಿಲ್ಲಿನಿಂದ ನೇರ ಬಂದು, ಪಂಚೆಗೆ ಎರಡು ಸಲ ಕೈ ಒರೆಸಿ ಅದನ್ನು ಹಿಡಿಯುತ್ತಿದ್ದರು. ಹಾಗೆ ಇಪ್ಪತ್ತು ವರ್ಷ ಶೇಂಗಾ ಎಣ್ಣೆ ಕುಡಿದ ಕತ್ತು ಅದು. ಹಿಂಬದಿಯ ವಾರ್ನಿಷ್ ಪೂರ್ತಿ ಸವೆದಿತ್ತು. ಮೂರನೇ ಮೆಟ್ಟಿನ ಹಿಂದೆ, ಅವರ ಹೆಬ್ಬೆರಳು ಕೂರುವ ಕಡೆ, ಒಂದು ಹುಣಿಸೆ ಬೀಜ ಹಿಡಿಯುವಷ್ಟು ತಗ್ಗು ಬಿದ್ದಿತ್ತು. ಎರಡು ತಲೆಮಾರು ಹಿಡಿದ ಗುದ್ದಲಿಯ ಕಾವಿನ ಹಾಗೆ, ಕೈಯಿಟ್ಟರೆ ಸಾಕು, ಉಳಿದದ್ದನ್ನು ಮರವೇ ಹೇಳಿಕೊಡುತ್ತಿತ್ತು.

"ಕಣ್ಣಿಂದ ಬಾರ್ಸಬ್ಯಾಡ ಕಣಲೇ ಓಬಳೇಶ," ಅನ್ನುತ್ತಿದ್ದರು. "ಹೆಬ್ಬೆಟ್ಟು ತನ್ನ ಮನೆ ಹೊಕ್ತು ಅಂದ್ರೆ ಮಿಕ್ಕ ಬೆಟ್ಟು ತಾವೇ ದಾರಿ ಕಂಡ್ಕಂತಾವೆ."

ನನ್ನ ಹೆಬ್ಬೆಟ್ಟು ಆ ಮನೆ ಹೊಗಲಿಲ್ಲ. ನನ್ನ ಕೈ ಅಗಲ. ಎಷ್ಟು ಎಳೆದು ಕೂರಿಸಿದರೂ ಅರ್ಧ ಬೆರಳು ಕೆಳಗೆ ಜಾರುತ್ತಿತ್ತು. ಆರ್ಕೆಸ್ಟ್ರಾದಲ್ಲಿ ಮೇಷ್ಟ್ರು ಮುಂದೆ ನಿಂತು ಮುಖ್ಯ ಗಿಟಾರ್ ಬಾರಿಸುತ್ತಿದ್ದರು, ನಾನು ಹಿಂದೆ ನಿಂತು ನನ್ನ ಹಲಗೆಯಂಥ ಗಿಟಾರಿನಲ್ಲಿ ತಾಳಕ್ಕೆ ತಂತಿ ಗೀರುತ್ತಿದ್ದೆ. ಕಾರ್ಯಕ್ರಮಕ್ಕೆ ಹೋದ ಊರಲ್ಲಿ ಎಲ್ಲರಿಗೂ ಮುದ್ದೆ ತಿರುವುತ್ತಿದ್ದದ್ದೂ ಅವರೇ. ಆಗ ನಾನು ಕವೆಗೋಲಿನಿಂದ ಪಾತ್ರೆ ಅಲ್ಲಾಡದಂತೆ ಹಿಡಿಯುತ್ತಿದ್ದೆ. ಹೀಗೆ ಎರಡೂ ಕಡೆ ನನ್ನ ಸ್ಥಾನ ಒಂದೇ ಆಗಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ ಮೇಷ್ಟ್ರಿಗೆ ಎರಡು ಕಣ್ಣಿಗೂ ಪೊರೆ ಬಂತು. ಒಂದಾದ ಮೇಲೊಂದು ಆಪರೇಷನ್ ಎಂದು ದಾವಣಗೆರೆಯ ಮಗಳ ಮನೆಗೆ ಎರಡು ತಿಂಗಳಿಗೆ ಹೊರಟರು. ಹೊರಡುವ ದಿನ ಗಿಟಾರನ್ನು ಕಂಬಳಿಯಲ್ಲಿ ಸುತ್ತಿ ನನಗೆ ಕೊಟ್ಟರು.

"ತಂತಿ ಸಡ್ಲ ಮಾಡಿಟ್ಟಿರು. ವಾರಕ್ಕೊಂದಪ ಒರೆಸು. ಹೊರಗೆ ತಗಂಡ್ ಹೋಗ್ಬ್ಯಾಡ."

"ಇಲ್ಲ ಬಿಡ್ರಿ ಮೇಷ್ಟ್ರೇ, ನಾನ್ಯಾಕೆ ತಗಂಡ್ ಹೋಗ್ಲಿ," ಅಂದೆ.

ಹತ್ತನೇ ದಿನಕ್ಕೆ ದೇವಸಮುದ್ರದ ಗಣಪತಿ ಕಾರ್ಯಕ್ರಮಕ್ಕೆ ತೆಗೆದುಕೊಂಡು ಹೋದೆ. ಮೇಷ್ಟ್ರಿಲ್ಲದ ಮೇಲೆ ಮುಂದೆ ನಿಲ್ಲಬೇಕಾದವನು ನಾನು. ಮುಂದೆ ನಿಲ್ಲುವವನ ಕೈಯಲ್ಲಿ ಹಲಗೆ ಇರಬಾರದು ಎಂದು ನನಗೆ ನಾನೇ ವಾದ ಮಂಡಿಸಿ ನಾನೇ ಗೆದ್ದಿದ್ದೆ. ಚಪ್ಪಾಳೆಯೂ ಬಿತ್ತು. ನನ್ನ ಬಾರಿಸುವಿಕೆಗೋ, ಹೋಗಿದ್ದ ಕರೆಂಟು ಅದೇ ಹೊತ್ತಿಗೆ ವಾಪಸ್ ಬಂದದ್ದಕ್ಕೋ, ಇವತ್ತಿಗೂ ಖಚಿತವಿಲ್ಲ.

ಮಾರನೇ ಬೆಳಿಗ್ಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿಟಾರನ್ನು ಕಂಬಳಿ ಸಮೇತ ಗೋಣಿಚೀಲಕ್ಕೆ ಹಾಕಿ, ಬಸ್ಸಿನ ಮೇಲೇರಿಸಿ, ಕಂಬಿಗೆ ನೆಟ್ಟಗೆ ನಿಲ್ಲಿಸಿ ಕಟ್ಟಿದೆ. ಮಲಗಿಸಿದರೆ ಯಾರಾದರೂ ಮೂಟೆ ಹೇರಿಯಾರು ಎಂಬ ಮುಂದಾಲೋಚನೆ. ರಾಂಪುರದಲ್ಲಿ ಒಬ್ಬ ಕುರಿಯವನು ಟಗರಿನ ಸಮೇತ ಮೇಲೆ ಹತ್ತಿದ. ಬಸ್ಸಿನ ಮೇಲೆ ಗೂಟದ ಹಾಗೆ ನಿಂತದ್ದು ಅದೊಂದೇ ಆದ್ದರಿಂದ ಟಗರನ್ನು ಅದಕ್ಕೇ ಕಟ್ಟಿದ. ತಳಕಿನ ಹತ್ತಿರ ಡ್ರೈವರು ಬ್ರೇಕ್ ಹಾಕಿದಾಗ ಟಗರು ಮುಂದಕ್ಕೆ ಹಾರಿತು.

ನಾನು ಮೇಲೆ ಹತ್ತಿ ಚೀಲ ಬಿಚ್ಚಿದರೆ ಕತ್ತು ತಲೆಯ ಬುಡಕ್ಕೆ ಮುರಿದು, ತಲೆ ಆರು ತಂತಿಗಳಲ್ಲಿ ಜೋತಾಡುತ್ತಿತ್ತು. ಕುರಿಯವನು ನನ್ನನ್ನೇ ತರಾಟೆಗೆ ತೆಗೆದುಕೊಂಡ. "ಏನ್ರೀ ಇದು, ಒಂದು ಗೂಟ ಗಟ್ಟಿಯಾಗಿ ಇಡಬಾರ್ದಾ? ನನ್ ಟಗರಿನ ಕತ್ತು ಉಳುಕೈತೆ ನೋಡ್ರಿ!"

ನಾನು ಕ್ಷಮೆ ಕೇಳಿದೆ. ಟಗರು ನನ್ನ ಗೋಣಿಚೀಲದ ಅಂಚು ತಿನ್ನುತ್ತಿತ್ತು.

ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಬೆಳಗಿನ ಜಾವ ನನಗೆ ಒಂದು ಸತ್ಯ ಹೊಳೆಯಿತು: ಮೇಷ್ಟ್ರು ವಾಪಸ್ ಬರುವುದು ಕಪ್ಪು ಕನ್ನಡಕ ಹಾಕಿಕೊಂಡು. ಅವರ ಕಣ್ಣಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಕೈಗೆ ಮಾತ್ರ ಉತ್ತರ ಕೊಟ್ಟರೆ ಸಾಕು. ಹೊಸ ಕತ್ತು ಮಾಡಿಸಬೇಕು, ಆದರೆ ಹಿಡಿದರೆ ಹಳೆಯದೇ ಅನ್ನಿಸಬೇಕು. ಆ ಕ್ಷಣದಲ್ಲಿ ಇದು ನನಗೆ ಬಹಳ ಪ್ರಾಮಾಣಿಕವಾದ ಯೋಜನೆಯಾಗಿ ಕಂಡಿತು.

ಅಂಥ ಕೆಲಸ ಬಾಗಿಲು ಕಿಟಕಿ ಮಾಡುವವರಿಂದ ಆಗುವಂಥದ್ದಲ್ಲ. ನಾನು ಮೊಳಕಾಲ್ಮೂರಿಗೆ ಹೋದೆ. ಅಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ಸೀರೆ ನೇಯುವವರು ದಿನವಿಡೀ ಕೈಯಿಂದ ಕೈಗೆ ಎಸೆಯುವ ಲಾಳಿಗಳನ್ನು ಮಾಡಿಕೊಡುವ ಮೌನಾಚಾರಿ ಎಂಬ ಹಿರಿಯರಿದ್ದರು. ಲಾಳಿಯಲ್ಲಿ ಕೂದಲೆಳೆಯಷ್ಟು ಒರಟಿದ್ದರೂ ರೇಷ್ಮೆ ಎಳೆ ಹರಿಯುತ್ತದೆ. ಹಾಗಾಗಿ ಅವರ ಕೈ ಅಂಥದ್ದು. ಹೆಸರಿಗೂ ಅವರಿಗೂ ಮಾತ್ರ ಸಂಬಂಧವಿರಲಿಲ್ಲ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬಾಯಿ ನಿಲ್ಲುತ್ತಿರಲಿಲ್ಲ.

"ಏಮಿ ಇದಿ, ಏನಾತಪ್ಪಾ ಇದಕ್ಕೆ?"

"ಟಗರು ಎಳೀತ್ರಿ."

ಅವರು ಇದನ್ನು ಅಸಹಜ ಎಂದು ಭಾವಿಸಲಿಲ್ಲ. ಮುರಿದ ಕಡೆ ಉಗುರಿನಿಂದ ಕೆರೆದು ನೋಡಿ, "ಅಂಟು ಹಾಕಿದ್ರೆ ತಂತಿ ಬಿಗಿದ ದಿನ ತಿರುಗಾ ಬಾಯಿ ಬಿಡ್ತೈತೆ. ಹೊಸದೇ ಆಗ್ಬೇಕು," ಅಂದರು.

"ನೋಡಾಕೆ ಹೆಂಗನಾ ಇರ್ಲಿ ಆಚಾರ್ರೇ. ಕೈಗೆ ಮಾತ್ರ ಇದೇ ಅನ್ನಿಸ್ಬೇಕು."

ಆಚಾರಿಯವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇಷ್ಟು ವರ್ಷದಾಗೆ ಸರಿಯಾದ ಮಾತು ಆಡಿದ ಗಿರಾಕಿ ನೀನೊಬ್ಬನೇ ನೋಡು," ಅಂದರು. ಸುಳ್ಳು ಮುಚ್ಚಿಕೊಳ್ಳಲು ಹೋದ ಕಡೆ ಇಂಥ ಗೌರವ ಸಿಗುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ.

ಅವರ ಬಳಿ ಟೇಪು ಇತ್ತು, ಮುಟ್ಟಲಿಲ್ಲ. ಕಣ್ಣು ಮುಚ್ಚಿ ಕತ್ತಿನ ಮೇಲೆ ಅಂಗೈಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಳೆದರು. ಆಮೇಲೆ ಮಗ್ಗದ ಮನೆಯಲ್ಲಿ ಉಳಿದ ರೇಷ್ಮೆ ಎಳೆಗಳನ್ನು ತಂದು, ಒಂದೊಂದು ಮೆಟ್ಟಿನ ಹತ್ತಿರ ಕತ್ತಿಗೆ ಸುತ್ತಿ, ಸುತ್ತಳತೆ ಮುಗಿದ ಕಡೆ ಗಂಟು ಹಾಕಿ ಗೋಡೆಯ ಮೊಳೆಗಳಿಗೆ ಸಾಲಾಗಿ ನೇತು ಹಾಕಿದರು. ಮೆಟ್ಟುಗಳನ್ನು ಇಕ್ಕಳದಿಂದ ಒಂದೊಂದೇ ಕಿತ್ತು, ಕ್ರಮ ತಪ್ಪದ ಹಾಗೆ ಮೇಣದ ಉಂಡೆಗೆ ಚುಚ್ಚಿಟ್ಟರು. ಅವನ್ನೇ ಹೊಸದಕ್ಕೆ ಕೂರಿಸುವುದು. ಎಲ್ಲ ಮುಗಿದ ಮೇಲೆ ಕೇಳಿದರು: "ಪಟ್ಟೇದಿ ಎವರಪ್ಪಾ? ಇದನ್ನ ಹಿಡಿಯೋರು ಯಾರು?"

ಇಲ್ಲಿ ನೀವು ನನ್ನನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ಆಚಾರಿಯವರ ತಮ್ಮನ ಮಗಳ ಮದುವೆಗೆ ಬಾರಿಸಿದ್ದು ಮೇಷ್ಟ್ರೇ. ಅವರ ಹೆಸರು ಹೇಳಿದರೆ ಸುದ್ದಿ ನನ್ನ ಬಸ್ಸಿಗಿಂತ ಮೊದಲು ಚಳ್ಳಕೆರೆ ತಲುಪಿ, ಅಲ್ಲಿಂದ ಎಸ್‌ಟಿಡಿ ಬೂತಿನಲ್ಲಿ ದಾವಣಗೆರೆಗೆ ಹೋಗುತ್ತಿತ್ತು.

"ನಾನೇ ರೀ," ಅಂದೆ. "ಗಿಟಾರ್ ನಂದೇ."

ಆಚಾರಿಯವರು ಒಳಗೆ ಹೋಗಿ ತಂಗಳು ಮುದ್ದೆ ತಂದು ನನ್ನ ಎಡಗೈಗೆ ಕೊಟ್ಟರು. "ಕತ್ತು ಹಿಡಿದಂಗೆ ಹಿಡಿ. ಗಟ್ಟಿ ಹಿಸುಕು." ಹಿಸುಕಿದೆ. ಬೆರಳುಗಳ ಅಚ್ಚು ಬಿದ್ದ ಆ ಮುದ್ದೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಕಿಟಕಿಯಲ್ಲಿ ಒಣಗಲು ಇಟ್ಟರು. ಲಾಳಿ ಮಾಡಿಸಲು ಬಂದ ಪ್ರತಿಯೊಬ್ಬರಿಂದಲೂ ಹೀಗೆ ಹಿಸುಕಿಸುತ್ತಿದ್ದರಂತೆ. ಕಿಟಕಿಯ ತುಂಬ ಒಣಗಿದ ಹಿಡಿಗಳಿದ್ದವು. ನನಗೆ ಅದು ಹಳೆಯ ಕಾಲದವರ ಒಂದು ಶಾಸ್ತ್ರ ಅನ್ನಿಸಿತು. ಶಾಸ್ತ್ರಕ್ಕೆ ಅಡ್ಡಿಪಡಿಸುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ.

ನಾಲ್ಕು ವಾರದಲ್ಲಿ ಐದು ಸಲ ಹೋದೆ. ಒಡೆದ ಮಗ್ಗದ ತೊಲೆಯೊಂದರಿಂದ ಕಮರದ ಮರ ಕೊಯ್ದು ಕತ್ತು ಕೆತ್ತಿದರು. ಒಳಗಿನ ಕಬ್ಬಿಣದ ಸರಳು, ಮೆಟ್ಟು, ಬಿರಡೆ ಎಲ್ಲವೂ ಹಳೆಯವೇ. ಕೊನೆಯ ದಿನ ತಂತಿ ಬಿಗಿದು ಕೈಗೆ ಕೊಟ್ಟರು. ಹಿಡಿದೆ. ಅದೇ ದಪ್ಪ, ಅದೇ ನುಣುಪು, ಮೂರನೇ ಮೆಟ್ಟಿನ ಹಿಂದೆ ಅದೇ ತಗ್ಗು. ಹೆಬ್ಬೆಟ್ಟು ತಾನಾಗಿ ಹೋಗಿ ಕೂತಿತು. ಹಳೆಯದಕ್ಕಿಂತ ಚೆನ್ನಾಗಿತ್ತು. ನಕಲು ಅಸಲಿಗಿಂತ ಚೆನ್ನಾಗಿದ್ದರೆ ಮನುಷ್ಯ ಅನುಮಾನ ಪಡಬೇಕು. ನಾನು ಆಚಾರಿಯವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

"ಗಿರಾಕಿ ಮರ ಗಿರಾಕಿಗೇ," ಎಂದು ಹಳೆಯ ಕತ್ತನ್ನೂ ಪೇಪರಿನಲ್ಲಿ ಸುತ್ತಿ ಕೊಟ್ಟರು. ಅದನ್ನು ಮನೆಯ ಅಟ್ಟದಲ್ಲಿ ಸೌದೆಯ ಹಿಂದೆ ಬಚ್ಚಿಟ್ಟೆ.

ಒಂದು ತೊಂದರೆ ಇತ್ತು. ಕಮರ ಅಂದರೆ ಕಬ್ಬಿಣಕ್ಕೆ ಅಣ್ಣ. ಗಿಟಾರನ್ನು ಹೆಗಲಿಗೆ ಹಾಕಿದರೆ ತಲೆ ನೆಲ ನೋಡುತ್ತಿತ್ತು. ಹಿಂಬದಿಯ ತಗಡು ಬಿಚ್ಚಿ ಒಳಗಿನ ಪೊಳ್ಳಿನಲ್ಲಿ ದಿನಸಿ ಅಂಗಡಿಯ ಅರ್ಧ ಕೆಜಿ ತೂಕದ ಬಟ್ಟು ಕೂರಿಸಿದೆ, ಸರಿಹೋಯಿತು. ಉಳಿದ ಎರಡು ವಾರ ದಿನವೂ ಶೇಂಗಾ ಎಣ್ಣೆ ಹಚ್ಚಿ ಕತ್ತನ್ನು ಅಂಗೈಯಿಂದ ಉಜ್ಜಿದೆ. ಬಣ್ಣಕ್ಕೆ ಚಹಾ ಡಿಕಾಕ್ಷನ್, ಚಿಟಿಕೆ ಅರಿಶಿನ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಬಾಣಂತಿ ಮನ್ಯಾಗೆ ಕೂಸಿಗೂ ಇಷ್ಟು ಎಣ್ಣೆ ತಿಕ್ಕಲ್ಲ," ಅಂದಳು.

ಅದೇ ದಿನಗಳಲ್ಲಿ ಅವ್ವನ ಮುದ್ದೆ ಕೋಲು ಮುರಿಯಿತು. ಸೌದೆಗೆಂದು ಅಟ್ಟ ಹತ್ತಿದವಳು ಹೊಸ ಕೋಲಿನೊಂದಿಗೆ ಇಳಿದಳು. ನಾನು ಊಟಕ್ಕೆ ಬಂದಾಗ ಅದನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಮುದ್ದೆಯನ್ನೂ ತಿರುವಿ ಮುಗಿಸಿದ್ದಳು. "ಯಾರದೋ ಏನೋ, ಕೈಗೆ ಬೋ ಚೆನ್ನಾಗಿ ಕುಂತ್ಕಂತೈತೆ," ಅಂದಳು. ಬೇಡ ಅನ್ನಬೇಕಾದರೆ ಏಕೆ ಬೇಡ ಎಂದೂ ಹೇಳಬೇಕಿತ್ತು. ಸುಮ್ಮನೆ ಊಟ ಮಾಡಿದೆ. ಮುದ್ದೆಯಲ್ಲಿ ಒಂದೂ ಗಂಟಿರಲಿಲ್ಲ.

ಮೇಷ್ಟ್ರು ಬಂದರು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತು, ಪಂಚೆಗೆ ಎರಡು ಸಲ ಕೈ ಒರೆಸಿ ಗಿಟಾರ್ ತೆಗೆದುಕೊಂಡರು. ಎಡಗೈ ಕತ್ತಿನ ಮೇಲೆ ಒಂದು ಸಲ ಹೋಗಿ ಬಂತು. ಇನ್ನೊಂದು ಸಲ ಹೋಯಿತು. ನಾನು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ಎಲ್ಲೂ ನಿಲ್ಲದೆ ತಡಕಾಡುತ್ತಿತ್ತು.

"ಆಪರೇಷನ್ ಮಾಡಿದ್ದು ಕಣ್ಣಿಗೆ," ಅಂದರು ಮೇಷ್ಟ್ರು ನಿಧಾನವಾಗಿ. "ಕೈ ಯಾಕಲೇ ಹಿಂಗಾಗೈತೆ?"

"ಔಷಧಿ ತಾಕತ್ತು ಇರ್ಬೇಕ್ರಿ ಮೇಷ್ಟ್ರೇ."

"ಇರ್ಬೇಕು," ಅಂದರು. "ಭಾರನೂ ಅನ್ನಿಸ್ತೈತೆ."

"ಮೈ ಸೋತಿರ್ತೈತಲ್ರಿ."

ನಂಬಿದರು. ಇಪ್ಪತ್ತು ವರ್ಷದ ಗಿಟಾರನ್ನು ಅನುಮಾನಿಸುವುದಕ್ಕಿಂತ ತಮ್ಮ ಕೈಯನ್ನು ಅನುಮಾನಿಸುವುದು ಅವರಿಗೆ ಸುಲಭವಾಗಿತ್ತು. ಕನ್ನಡಕ ತೆಗೆದ ಮೇಲಾದರೂ ಸಿಕ್ಕಿಬೀಳುತ್ತೇನೆ ಅಂದುಕೊಂಡಿದ್ದೆ. ಅವರು ಕಣ್ಣರಳಿಸಿ, "ಪೊರೆ ತೆಗೆದ್ಮೇಲೆ ಎಲ್ಲಾ ಹೊಸದಾಗಿ ಕಾಣ್ತೈತೆ ಕಣಲೇ, ಗಿಟಾರೂ ಹೊಸದಾಗಿ ಕಾಣ್ತೈತೆ," ಎಂದು ಸಂತೋಷಪಟ್ಟರು. ನಾನೂ ಸಂತೋಷಪಟ್ಟೆ.

ಮೊಳಕಾಲ್ಮೂರಿನ ಒಂದು ಮದುವೆಯಲ್ಲಿ, ನಿದ್ದೆಯಲ್ಲೂ ಬಾರಿಸುತ್ತಿದ್ದ ಜಾಗದಲ್ಲಿ ಮೇಷ್ಟ್ರು ಎಡವಿದರು. ತಳಕಿನಲ್ಲಿ ಎರಡು ಸಲ ಎಡವಿದರು. ಆಮೇಲೆ ಕತ್ತನ್ನು ಕಣ್ಣಿಂದ ನೋಡಿಕೊಂಡು ಬಾರಿಸತೊಡಗಿದರು. ನನಗೆ ಬೇಡ ಎಂದು ಕಲಿಸಿದ್ದನ್ನೇ ತಾವು ಮಾಡುವುದನ್ನು ನಾನು ಹಿಂದೆ ನಿಂತು ನೋಡಿದೆ. ಮಣಿಕಟ್ಟಿನ ನರ ಹಿಡಿದಿದೆ ಎಂದು ಯಾರೋ ಹೇಳಿದರು. ಸೊಪ್ಪು ಅರೆದು ಪಟ್ಟು ಹಾಕುವವರ ಹತ್ತಿರ ಅವರನ್ನು ನನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಒಂಬತ್ತು ವಾರ ಕರೆದುಕೊಂಡು ಹೋದೆ. ಏನೂ ಆಗದ ಕೈಗೆ ಒಂಬತ್ತು ಪಟ್ಟು. ದಾರಿಯುದ್ದಕ್ಕೂ ಅವರು ನನ್ನನ್ನು ಹೊಗಳುತ್ತಿದ್ದರು. ಹೊಟ್ಟೇಲಿ ಹುಟ್ಟಿದ ಮಗನೂ ಹಿಂಗೆ ನೋಡ್ಕಳ್ಳಲ್ಲ ಅನ್ನುತ್ತಿದ್ದರು. ನನಗೆ ಆಗ ಆದ ನಾಚಿಕೆಯನ್ನು ನಾನು ಮತ್ತೆ ಯಾವತ್ತೂ ಅನುಭವಿಸಿಲ್ಲ. ಆದರೂ ಬಾಯಿ ಬಿಡಲಿಲ್ಲ. ಸುಳ್ಳಿಗೆ ಮೊದಲ ದಿನ ಒಂದು ಕಾರಣ ಇರುತ್ತದೆ, ಆಮೇಲೆ ಅಭ್ಯಾಸವಾಗಿಬಿಡುತ್ತದೆ.

ಆರನೇ ತಿಂಗಳು ಒಂದು ಮಧ್ಯಾಹ್ನ ಮೇಷ್ಟ್ರು ಗಿಟಾರನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಗೋಡೆಗೆ ಒರಗಿಸಿಟ್ಟು, "ನನ್ ಕೈ ಮುಗೀತು ಕಣಲೇ. ಇನ್ಮ್ಯಾಲೆ ಮುಂದೆ ನೀನು ನಿಂತ್ಕ. ಇದು ನಿನ್ ತಾವೇ ಇರ್ಲಿ," ಅಂದರು. ಅಳಲಿಲ್ಲ. ಹಿಂಡಿ ಚೀಲ ಇಳಿಸಿ ಕೂತವರ ಹಾಗೆ ಕೂತರು.

ಅವ್ವ ಅಡುಗೆಮನೆಯಿಂದ, "ಮೇಷ್ಟ್ರೇ, ಊಟ ಮಾಡ್ಕಂಡು ಹೋಗ್ರಿ, ಎಸರು ಇಟ್ಟೀನಿ," ಅಂದಳು. ನಾನು ಎಂದಿನಂತೆ ಕವೆಗೋಲು ಹಿಡಿಯಲು ಹೋದೆ. ಮೇಷ್ಟ್ರೂ ಎದ್ದು ಬಂದು ಹೊಸ್ತಿಲ ಮೇಲೆ ಕೂತರು. ಹಿಟ್ಟು ಬೆಂದಿತು. ಅವ್ವನಿಗೆ ಆಗ ರಟ್ಟೆ ನೋವು. ಎರಡು ಸುತ್ತು ತಿರುವಿ ನಿಲ್ಲಿಸಿದಳು.

"ತಾ ಅಕ್ಕ, ನಾನು ತಿರುವ್ತೀನಿ. ಮುದ್ದೆಗಾದ್ರೂ ಆಗ್ತೈತೇನೋ ನೋಡಾನ ಈ ಕೈ," ಎಂದು ಮೇಷ್ಟ್ರು ಕೋಲು ಈಸಿಕೊಂಡರು.

ನನಗೆ ಕವೆಗೋಲು ಬಿಟ್ಟು ಓಡುವುದಕ್ಕೂ ಆಗಲಿಲ್ಲ. ಬಿಟ್ಟರೆ ಪಾತ್ರೆ ಉರುಳುತ್ತಿತ್ತು.

ಅವರು ಎರಡು ಸುತ್ತು ತಿರುವಿದರು. ನಿಲ್ಲಿಸಿದರು. ಎಡಗೈಯ ಹೆಬ್ಬೆರಳು ಕೋಲಿನ ಹಿಂಬದಿಯಲ್ಲಿ ಒಂದು ಕಡೆ ಹೋಗಿ ಕೂತಿತ್ತು. ಮಿಕ್ಕ ನಾಲ್ಕು ಬೆರಳು ಗೀರುಗಳ ಮೇಲೆ ಒಂದೊಂದಾಗಿ ಎದ್ದು, ಇಳಿದು, ಓಡಿದವು. ಬಿಸಿ ಹಬೆಯಲ್ಲಿ, ರಾಗಿ ಮೆತ್ತಿದ ಕೋಲಿನ ಮೇಲೆ, ಮದುವೆಯಲ್ಲಿ ಎಡವಿದ್ದ ಆ ಜಾಗವನ್ನು ಮೇಷ್ಟ್ರು ಒಂದೂ ತಪ್ಪಿಲ್ಲದೆ ಬಾರಿಸಿದರು. ಸದ್ದು ಬರಲಿಲ್ಲ. ನನಗೆ ಪೂರ್ತಿ ಕೇಳಿಸಿತು.

ಆಮೇಲೆ ಬೆರಳ ತುದಿಯಿಂದ ಗೀರು ಎಣಿಸಿದರು. "ಇಪ್ಪತ್ತೊಂದು," ಅಂದರು.

"ಏನ್ ಎಣಿಸ್ತೀರಿ ಮೇಷ್ಟ್ರೇ, ಗಂಟಾಗ್ತೈತೆ ತಿರುವ್ರಿ," ಅಂದಳು ಅವ್ವ.

ತಿರುವಿದರು. ಅವ್ವ ಉಂಡೆ ಕಟ್ಟುವಾಗ ಅವರೇ ಕೋಲು ತೊಳೆದು, ಪಂಚೆಗೆ ಒರೆಸಿ, ತೊಡೆಯ ಮೇಲಿಟ್ಟುಕೊಂಡರು. "ನನ್ ಕೈಗೇನೂ ಆಗಿಲ್ಲ ಕಣಕ್ಕ," ಅಂದರು.

"ಏನಾಗಿತ್ತು ಕೈಗೆ?" ಅಂದಳು ಅವ್ವ.

ನಾನು ಕವೆಗೋಲು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ದೇವಸಮುದ್ರ, ಟಗರು, ಆಚಾರಿ, ತೂಕದ ಬಟ್ಟು. ಮೇಷ್ಟ್ರು ಒಂದೇ ಒಂದು ಪ್ರಶ್ನೆ ಕೇಳಿದರು. "ಆಚಾರಿಗೆ ಯಾರ ಕೈಗೆ ಅಂತ ಹೇಳ್ದೆ?"

"ನನ್ ಕೈಗೆ ಅಂತ ರೀ. ಮುದ್ದೆ ಹಿಸುಕಿಸಿ ಅಚ್ಚು ತಗಂಡ್ರು."

ಎದ್ದು ಹೋಗಿ ಗಿಟಾರ್ ಬಿಚ್ಚಿ, ನನ್ನ ಎಡಗೈ ಎಳೆದು ಕತ್ತಿನ ಮೇಲಿಟ್ಟರು. ಹೆಬ್ಬೆಟ್ಟು ತಗ್ಗಿನಲ್ಲಿ ಕೂತಿತು. ಕೋಲಿನ ಮೇಲಿಟ್ಟರು. ಅರ್ಧ ಬೆರಳು ಕೆಳಗೆ ಜಾರಿತು. ಹೊಸ ಕತ್ತನ್ನು ಪರೀಕ್ಷಿಸಿದ್ದು ನನ್ನ ಕೈಯಿಂದ, ಎಣ್ಣೆ ಹಚ್ಚಿ ಪಳಗಿಸಿದ್ದೂ ನನ್ನ ಕೈಯಿಂದ. ಆಚಾರಿಯವರು ಕೆಲಸದಲ್ಲಿ ಒಂದು ಎಳೆಯಷ್ಟೂ ತಪ್ಪಿರಲಿಲ್ಲ. ಸುಳ್ಳು ಹೇಳಿದವನ ಕೈಗೇ ಅಳತೆ ಹಿಡಿದು ಮಾಡಿದ್ದರು.

"ಕತ್ತು ಮುರಿದದ್ದಕ್ಕೆ ನಾನು ಬೈಯಲ್ಲ," ಅಂದರು ಮೇಷ್ಟ್ರು. "ಟಗರಿಗೇನು ಗೊತ್ತು. ಆದ್ರೆ ಆರು ತಿಂಗ್ಳು ನನ್ ಕೈ ಹೋತು ಅಂತ ನನ್ನ ನಂಬಿಸಿದೆಯಲ್ಲೋ. ಸೈಕಲ್ ಮ್ಯಾಲೆ ಕೂರಿಸ್ಕಂಡು ಹೋಗಿ ನಂಬಿಸ್ದೆ."

ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಅಲ್ಲೇ ಒಲೆಯ ಮುಂದೆ ಕೂತು ಅತ್ತೆ, ಇಪ್ಪತ್ತಾರು ವರ್ಷದವನು. ಮೇಷ್ಟ್ರು ನನ್ನನ್ನು ಸಮಾಧಾನ ಮಾಡಲಿಲ್ಲ. ಉಂಡರು. ಎರಡನೇ ಮುದ್ದೆ ಹಾಕಿಸಿಕೊಂಡರು. ಕೈ ತೊಳೆದು ಗಿಟಾರನ್ನು ಕಂಬಳಿಯಲ್ಲಿ ಸುತ್ತಿ ಬಗಲಿಗೇರಿಸಿದರು.

"ನಾಳೆ ಮೊಳಕಾಲ್ಮೂರಿಗೆ ಹೋಗಾನ್ರಿ," ಅಂದೆ. "ನಿಮ್ ಕೈ ಅಚ್ಚು ಕೊಟ್ಟು ಬೇರೆ ಮಾಡ್ಸಾನ."

"ಏನೂ ಬ್ಯಾಡ. ಕೈ ಐತೆ ಅಂತ ಗೊತ್ತಾತಲ್ಲ, ಇನ್ನು ಯಾವ ಕತ್ತಾದ್ರೇನು." ಬಾಗಿಲು ದಾಟಿದವರು ತಿರುಗಿ ಅವ್ವನಿಗೆ ಹೇಳಿದರು: "ಆ ಕೋಲು ಮಾತ್ರ ಯಾರಿಗೂ ಕೊಡ್ಬ್ಯಾಡ ಅಕ್ಕ."

ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅಷ್ಟರಲ್ಲಿ ಅವರ ಬೆರಳು ಹೊಸ ಕತ್ತನ್ನು ಬಗ್ಗಿಸಿಕೊಂಡಿದ್ದವು. ನನ್ನ ಕೈಗೆ ಮಾಡಿದ ಕತ್ತಿನಲ್ಲಿ ಎಂಟು ವರ್ಷ ಮುಂದೆ ನಿಂತು ಬಾರಿಸಿದರು, ಅರ್ಧ ಕೆಜಿ ಬಟ್ಟಿನ ಸಮೇತ. ಪ್ರತಿ ಕಾರ್ಯಕ್ರಮದ ದಿನ ಮಧ್ಯಾಹ್ನ ನಮ್ಮ ಮನೆಗೆ ಬಂದು, "ಅಕ್ಕ, ಇವತ್ತು ಮುದ್ದೆ ನಾನು ತಿರುವ್ತೀನಿ," ಅನ್ನುತ್ತಿದ್ದರು. ತಿರುವಿ, ಕೋಲು ತೊಳೆದಿಟ್ಟು, ಉಂಡು ಹೊರಡುತ್ತಿದ್ದರು. ನಾನು ಕವೆಗೋಲು ಹಿಡಿಯುತ್ತಿದ್ದೆ. ಆ ಎಂಟು ವರ್ಷದಲ್ಲಿ ಅವರಿಗೆ ನಾನು ಒಂದೂ ಸುಳ್ಳು ಹೇಳಲಿಲ್ಲ. ಚೆನ್ನಾಗಿ ಬಾರಿಸಿದೆನಾ ಎಂದು ಅವರು ಕೇಳಿದಾಗ ಕೂಡ. ಇದರಿಂದ ನಮ್ಮ ನಡುವೆ ಎರಡು ಮೂರು ಸಲ ಜಗಳವಾಗಿದೆ.

ಈಗ ಮೇಷ್ಟ್ರಿಲ್ಲ, ಅವ್ವನೂ ಇಲ್ಲ. ಗಿಟಾರು ನನ್ನ ಗೋಡೆಯ ಮೇಲಿದೆ. ಹಿಡಿದರೆ ನನ್ನದೇ ಕೈ ಸಿಗುತ್ತದೆ. ಅವರದು ಉಳಿದಿರುವುದು ಈ ಕೋಲಿನಲ್ಲಿ. ಇದನ್ನು ಬರೆಯುತ್ತ ಹತ್ತು ಸಲ ಹಿಡಿದು ನೋಡಿದೆ. ಹತ್ತು ಸಲವೂ ಅರ್ಧ ಬೆರಳು ಕೆಳಗೆ.

ಇಷ್ಟು ಬರೆಯುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಬಂದಳು. ನೀರಿನ ವಿಷಯಕ್ಕೆ ಇರಬೇಕು ಎಂದು ನಾನು ಎದ್ದು ನಿಂತೆ. ಅವಳು ಸಂತೆಯ ಕೋಲನ್ನು ಮೂಲೆಗೆ ಎಸೆದು ನನ್ನ ಮುಂದೆ ಕೈ ಚಾಚಿದಳು.

"ತರ್ರಿ ಇಲ್ಲಿ. ಹೊಸದು ಕೈಗೇ ಕೂರ್ತಿಲ್ಲ. ಒಂದು ವಾರದಿಂದ ಬರೀ ಗಂಟು."

ಕೊಟ್ಟೆ. ಅವಳು ಹಿಡಿದ ಕೂಡಲೇ ಅವಳ ಹೆಬ್ಬೆರಳು ನೇರವಾಗಿ ಹೋಗಿ ಆ ತಗ್ಗಿನಲ್ಲಿ ಕೂತಿತು. ಅರ್ಧ ಬೆರಳು ಮೇಲಿಲ್ಲ, ಕೆಳಗಿಲ್ಲ. ಅವಳು ಅದನ್ನು ಗಮನಿಸಲೂ ಇಲ್ಲ, ಒಳಗೆ ಹೋದಳು. ನಾನು ಪೊರಕೆ ಕಡ್ಡಿ ಹುಡುಕತೊಡಗಿದೆ.